ಯುದ್ಧನೌಕೆ ತನ್ನ ಮೇಲೆ ತಾನೇ ನೀರು ಸುರಿದುಕೊಳ್ಳುವುದು ಯಾಕೆ?

2025ರ ಮೇ 7ರಂದು ದೇಶದ ಹಲವಾರು ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಿತು. ಮುಂಬೈಯಲ್ಲೂ ಸೈರನ್ ಮೊಳಗಿತು. ‘ಅಕಸ್ಮಾತ್ ಅಣುಬಾಂಬೇ ಬಿದ್ದರೆ ಏನು ಗತಿ?’ ಎನ್ನುವ ಪ್ರಶ್ನೆ ಆಮೇಲೆ ಮಾಟುಂಗಾದ ಹೋಟೆಲುಗಳಲ್ಲಿ ಕಾಫಿ ಜೊತೆಗೇ ಬರತೊಡಗಿತು. ವಾಸ್ಕೋದಲ್ಲಿ ಹಡಗಿನ ಕೆಲಸ ಮಾಡುವ ಉತ್ತರ ಕರ್ನಾಟಕದ ಹುಡುಗರ ಮಾತಿನಲ್ಲೂ ಅದೇ. ಇಂಥ ಚರ್ಚೆ ಎದ್ದಾಗಲೆಲ್ಲ ಯಾರಾದರೊಬ್ಬರು ಒಂದು ವಿಡಿಯೋ ಕಳಿಸುತ್ತಾರೆ. ಸಮುದ್ರದ ನಡುವೆ ಒಂದು ಯುದ್ಧನೌಕೆ. ಅದರ ಡೆಕ್ಕು, ಗೋಪುರ, ಕಂಬ ಎಲ್ಲ ಕಡೆಯಿಂದ ನೀರು ಚಿಮ್ಮುತ್ತಿದೆ. ಸ್ವಲ್ಪ ಹೊತ್ತಿಗೆ ಹಡಗೇ ಕಾಣದಷ್ಟು ತುಂತುರು. ಡೆಕ್ಕಿನ ಮೇಲೆ ಒಬ್ಬ ಮನುಷ್ಯನೂ ಇಲ್ಲ.

ಬೆಂಕಿ ಆರಿಸುವ ತಾಲೀಮು ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಡಗು ತೊಳೆಯುತ್ತಿದ್ದಾರೆ ಅಂತ ಇನ್ನು ಕೆಲವರು. ಎರಡನೆಯವರು ಹೆಚ್ಚುಕಡಿಮೆ ಸರಿ. ಆದರೆ ಇದು ಕೊಳೆಯಾದ ಹಡಗನ್ನು ತೊಳೆಯುವ ಏರ್ಪಾಡಲ್ಲ, ಕೊಳೆ ಅಂಟದಂತೆ ಮೊದಲೇ ಒದ್ದೆ ಮಾಡಿಡುವ ಏರ್ಪಾಡು. ಅಮೆರಿಕದವರು ಇದನ್ನು ವಾಶ್‌ಡೌನ್ ಅನ್ನುತ್ತಾರೆ, ಬ್ರಿಟಿಷರು ಪ್ರಿ-ವೆಟಿಂಗ್ ಅನ್ನುತ್ತಾರೆ. ಈ ಸರಳ ಉಪಾಯ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ತಿಳಿಯಲು ಅಣುಬಾಂಬಿನ ಬೂದಿಯೊಳಗೇ ಹಡಗುಗಳನ್ನು ನುಗ್ಗಿಸಿದ್ದರು. ಆ ಕತೆಗೆ ಹೋಗುವ ಮುಂಚೆ ಬೂದಿ ಎಂಥದ್ದು ಅಂತ ಗೊತ್ತಿರಬೇಕು.

ಫಾಲ್‌ಔಟ್ ಅಂದರೆ ಏನು?

ಅಣುಬಾಂಬು ಸಿಡಿದಾಗ ಯುರೇನಿಯಂ ಅಥವಾ ಪ್ಲುಟೋನಿಯಂ ಪರಮಾಣುಗಳು ಒಡೆದು ಚೂರಾಗುತ್ತವೆ. ಆ ಚೂರುಗಳೂ ಪರಮಾಣುಗಳೇ. ಆದರೆ ಬಹುಪಾಲು ಅಸ್ಥಿರವಾದವು. ಸ್ಥಿರವಾಗುವ ತನಕ ಅವು ಬೀಟಾ ಕಣ, ಗಾಮಾ ಕಿರಣಗಳನ್ನು ಹೊರಹಾಕುತ್ತಲೇ ಇರುತ್ತವೆ. ವಿಕಿರಣ ಅಂದರೆ ಇದೇ.

ಬಾಂಬು ಬಹಳ ಎತ್ತರದಲ್ಲಿ ಸಿಡಿದರೆ ಈ ಚೂರುಗಳು ತೀರಾ ಸಣ್ಣ ಕಣಗಳಾಗಿ ಮೇಲೆಯೇ ಚದುರಿಹೋಗುತ್ತವೆ. ಹಿರೋಶಿಮಾದಲ್ಲಿ ಬಾಂಬು ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು, ಬೆಂಕಿಯುಂಡೆ ನೆಲ ಮುಟ್ಟಲಿಲ್ಲ. ನೆಲದ ಮೇಲೋ ನೀರಿನ ಮೇಲೋ ಸಿಡಿದರೆ ಕತೆಯೇ ಬೇರೆ. ಆಗ ಮಣ್ಣು, ಕಲ್ಲು, ಸಮುದ್ರದ ನೀರು ಆವಿಯಾಗಿ ಮೋಡದ ಜೊತೆ ಮೇಲೇರುತ್ತವೆ. ತಣ್ಣಗಾಗುವಾಗ ವಿಕಿರಣಶೀಲ ಚೂರುಗಳು ಅವಕ್ಕೇ ಅಂಟಿಕೊಳ್ಳುತ್ತವೆ. ಗಾಳಿ ಬೀಸಿದ ಕಡೆ ಸಾಗಿ, ಮರಳಿನ ಹಾಗೆ, ಪುಡಿಯ ಹಾಗೆ, ಕೆಲವೊಮ್ಮೆ ಉಪ್ಪುನೀರಿನ ಹನಿಯಾಗಿ ಕೆಳಗೆ ಉದುರುತ್ತವೆ. ಇದೇ ಫಾಲ್‌ಔಟ್.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವಿಕಿರಣ ತಾಗುವುದು ಬೇರೆ, ವಿಕಿರಣಶೀಲ ಕೊಳೆ ಅಂಟುವುದು ಬೇರೆ. ಎಕ್ಸ್‌ರೇ ತೆಗೆಸಿಕೊಂಡವರು ವಿಕಿರಣವನ್ನು ಮನೆಗೆ ಹೊತ್ತು ತರುವುದಿಲ್ಲ, ಯಂತ್ರ ಆಫ್ ಆದರೆ ಮುಗಿಯಿತು. ಆದರೆ ಫಾಲ್‌ಔಟ್ ಕಣ ಅಂಗಿಗೆ, ಕೂದಲಿಗೆ, ಡೆಕ್ಕಿಗೆ ಅಂಟಿತು ಅಂದರೆ ಯಂತ್ರವೇ ಅಲ್ಲಿ ಕೂತ ಹಾಗೆ. ಅದನ್ನು ಆಫ್ ಮಾಡಲು ಯಾವ ರಾಸಾಯನಿಕದಿಂದಲೂ ಆಗುವುದಿಲ್ಲ. ಸುಟ್ಟರೂ ಹೋಗುವುದಿಲ್ಲ. ಉಳಿದಿರುವ ದಾರಿ ಎರಡೇ: ಅಲ್ಲಿಂದ ತೆಗೆದುಹಾಕುವುದು, ಇಲ್ಲವೇ ಅದಾಗಿಯೇ ಕುಗ್ಗುವ ತನಕ ದೂರ ಇರುವುದು.

ಅದು ಕುಗ್ಗುವುದು ನಿಜ, ಮೊದಮೊದಲು ಬೇಗಬೇಗ ಕುಗ್ಗುತ್ತದೆ. ರೂಢಿಯಲ್ಲಿರುವ ಲೆಕ್ಕ ಹೀಗಿದೆ: ಸಮಯ ಏಳು ಪಟ್ಟಾದರೆ ವಿಕಿರಣದ ತೀವ್ರತೆ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಸ್ಫೋಟವಾಗಿ 1 ಗಂಟೆಗೆ 1000 ಇದ್ದದ್ದು 7 ಗಂಟೆಗೆ 100, 49 ಗಂಟೆಗೆ 10, ಸುಮಾರು ಎರಡು ವಾರಕ್ಕೆ 1. ಅಂದರೆ ಅಪಾಯ ಎಲ್ಲ ದಿನಕ್ಕೂ ಸಮನಾಗಿ ಹಂಚಿಕೊಂಡಿಲ್ಲ, ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ. ಆ ಕೆಲವು ಗಂಟೆ ಡೆಕ್ಕಿನ ಮೇಲೆ ಕೊಳೆ ಕೂರದಂತೆ ನೋಡಿಕೊಂಡರೆ ಒಳಗಿರುವ ನಾವಿಕರ ಪಾಲಿಗೆ ಅದು ಬಹಳ ದೊಡ್ಡ ಉಪಕಾರ.

ಬಿಕಿನಿ, 1946: ತೊಳೆದರೂ ಬಿಡದ ಕೊಳೆ

ಈ ಪಾಠ ಅಮೆರಿಕದ ನೌಕಾಪಡೆಗೆ ದುಬಾರಿ ಬೆಲೆಗೆ ಸಿಕ್ಕಿತು. 1946ರ ಜುಲೈಯಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ‘ಆಪರೇಶನ್ ಕ್ರಾಸ್‌ರೋಡ್ಸ್’ ಅನ್ನುವ ಪರೀಕ್ಷೆ ನಡೆಯಿತು. ಅಣುಬಾಂಬಿನ ಮುಂದೆ ಹಡಗುಗಳು ನಿಲ್ಲುತ್ತವಾ ಅನ್ನುವುದು ಪ್ರಶ್ನೆ. ಹಳೆಯ ಅಮೆರಿಕನ್ ಹಡಗುಗಳು, ಯುದ್ಧದಲ್ಲಿ ಸೆರೆಸಿಕ್ಕ ಜಪಾನಿನ ‘ನಾಗಾಟೊ’, ಜರ್ಮನಿಯ ‘ಪ್ರಿನ್ಸ್ ಆಯ್ಗನ್’ ಎಲ್ಲ ಸೇರಿ ಸಣ್ಣದು ದೊಡ್ಡದು ತೊಂಬತ್ತಕ್ಕೂ ಹೆಚ್ಚು ಹಡಗುಗಳನ್ನು ಅಲ್ಲಿ ಲಂಗರು ಹಾಕಿಸಿದ್ದರು.

ಜುಲೈ 1ರ ಮೊದಲ ಬಾಂಬು ಗಾಳಿಯಲ್ಲಿ ಸಿಡಿಯಿತು. ಐದು ಹಡಗು ಮುಳುಗಿದವು, ಆದರೆ ಉಳಿದವನ್ನು ಬೇಗನೆ ಹತ್ತಿ ನೋಡಲು ಸಾಧ್ಯವಾಯಿತು. ಜುಲೈ 25ರ ಎರಡನೆಯದು, ‘ಬೇಕರ್’, ನೀರಿನ ಒಳಗೆ ಸುಮಾರು 27 ಮೀಟರ್ ಆಳದಲ್ಲಿ ಸಿಡಿಯಿತು. ನಾಗಸಾಕಿಯ ಮಾದರಿಯದ್ದೇ ಬಾಂಬು. ಸುಮಾರು 20 ಲಕ್ಷ ಟನ್ ನೀರು ಕಂಬವಾಗಿ ಮೇಲೆದ್ದಿತು. ಆ ಕಂಬ ಕುಸಿದಾಗ ಅದರ ಬುಡದಿಂದ ದಟ್ಟ ಮಂಜಿನ ಗೋಡೆ ನಾಲ್ಕೂ ಕಡೆಗೆ ಉರುಳಿತು. ಬಾಂಬಿನ ವಿಕಿರಣಶೀಲ ಚೂರುಗಳು ಬಹುಪಾಲು ಆ ನೀರಿನಲ್ಲೇ ಇದ್ದವು. ಆಕಾಶಕ್ಕೆ ಹೋಗಿ ಚದುರಬೇಕಾದದ್ದು ಹಡಗುಗಳ ಮೈಮೇಲೇ ಸುರಿಯಿತು.

ಆಮೇಲೆ ಶುರುವಾದದ್ದು ತೊಳೆಯುವ ಕೆಲಸ. ಮೊದಲು ಬೆಂಕಿ ಆರಿಸುವ ದೋಣಿಗಳಿಂದ ನೀರು ಹೊಡೆದರು. ಸಡಿಲವಾಗಿದ್ದದ್ದು ಹೋಯಿತು, ಅಂಟಿದ್ದದ್ದು ಹಾಗೇ ಉಳಿಯಿತು. ನೊರೆ ಹಾಕಿದರು, ಸೋಪು ಹಾಕಿದರು, ಕಾಸ್ಟಿಕ್ ಸೋಡಾ ಹಾಕಿದರು. ನಾವಿಕರು ಅಂಗಿ ಬಿಚ್ಚಿ, ಬ್ರಶ್ಶು ಹಿಡಿದು, ಬಿಸಿಲಲ್ಲಿ ಡೆಕ್ಕು ತಿಕ್ಕುತ್ತಿರುವ ಫೋಟೋಗಳು ಈಗಲೂ ಸಿಗುತ್ತವೆ. ಅದನ್ನು ಇವತ್ತು ನೋಡಿದರೆ ಮೈ ಜುಮ್ಮೆನ್ನುತ್ತದೆ. ಬಣ್ಣವನ್ನು ಪೂರಾ ಕೆರೆದು ತೆಗೆದರೆ ಮಾತ್ರ ಒಂದಿಷ್ಟು ಪ್ರಯೋಜನ ಕಂಡಿತು. ಮರದ ಹಲಗೆ, ಹಗ್ಗ, ಕ್ಯಾನ್ವಾಸ್, ತುಕ್ಕು ಹಿಡಿದ ಕಬ್ಬಿಣ ಅಂತೂ ಕೊಳೆಯನ್ನು ಒಳಗೇ ಹೀರಿಕೊಂಡಿದ್ದವು.

ಪರೀಕ್ಷೆಯ ವಿಕಿರಣ ಸುರಕ್ಷತೆಯ ಹೊಣೆ ಹೊತ್ತಿದ್ದವರು ಡಾಕ್ಟರ್ ಸ್ಟ್ಯಾಫರ್ಡ್ ವಾರನ್. ಕೆಲಸ ನಿಲ್ಲಿಸಿ ಅಂತ ಅವರು ಹೇಳುತ್ತಿದ್ದರೂ ಕಣ್ಣಿಗೆ ಕಾಣದ್ದನ್ನು ಅಧಿಕಾರಿಗಳು ನಂಬಬೇಕಲ್ಲ? ವಾರನ್ ಒಂದು ಮೀನಿನ ಚಿತ್ರ ತೋರಿಸಿದರು. ಆ ಮೀನು ಬಿಕಿನಿಯ ನೀರಿನಲ್ಲಿ ಪಾಚಿ ತಿಂದಿತ್ತು. ಅದನ್ನು ಫೋಟೋ ಫಲಕದ ಮೇಲೆ ಇಟ್ಟಾಗ, ಬೇರೆ ಯಾವ ಎಕ್ಸ್‌ರೇ ಯಂತ್ರವೂ ಇಲ್ಲದೆ, ಮೀನು ತನ್ನ ಮೈಯ ವಿಕಿರಣದಿಂದಲೇ ತನ್ನ ಚಿತ್ರ ಮೂಡಿಸಿತ್ತು. ಆಗಸ್ಟ್ 10ರಂದು ತೊಳೆಯುವ ಕೆಲಸ ನಿಂತಿತು. ಮೂರನೆಯ ಬಾಂಬಿನ ಯೋಜನೆಯೂ ಆಮೇಲೆ ರದ್ದಾಯಿತು. ‘ಬೇಕರ್’ಗೆ ಗುರಿಯಾಗಿ ಉಳಿದ ಹಡಗುಗಳಲ್ಲಿ ಬರೀ ಒಂಬತ್ತನ್ನು ಮಾತ್ರ ಶುದ್ಧ ಮಾಡಿ ಗುಜರಿಗೆ ಮಾರಲು ಸಾಧ್ಯವಾಯಿತು. ಬೇರೆಯವನ್ನೆಲ್ಲ ಸಮುದ್ರದಲ್ಲಿ ಮುಳುಗಿಸಿದರು.

ಇನ್ನೊಂದು ಅನಿರೀಕ್ಷಿತ ತೊಂದರೆ ಗುರಿಯ ಹಡಗುಗಳಲ್ಲಲ್ಲ, ನೆರವಿಗೆ ಬಂದ ಹಡಗುಗಳಲ್ಲಿ ಕಂಡಿತು. ಅವು ಸ್ಫೋಟದ ಹೊತ್ತಿಗೆ ದೂರ ಇದ್ದು ಆಮೇಲೆ ಬಂದು ನಿಂತಿದ್ದವು. ಆದರೆ ತಳಕ್ಕೆ ಅಂಟಿದ ಪಾಚಿ, ಚಿಪ್ಪುಜೀವಿಗಳು, ಸಮುದ್ರದ ನೀರು ಎಳೆದುಕೊಳ್ಳುವ ಪೈಪು, ಆ ನೀರನ್ನು ಕುಡಿಯುವಂತೆ ಮಾಡುವ ಇವ್ಯಾಪರೇಟರು ಇವೆಲ್ಲ ವಿಕಿರಣವನ್ನು ಸ್ವಲ್ಪ ಸ್ವಲ್ಪವೇ ಕೂಡಿಹಾಕಿಕೊಂಡವು. ಈ ಸಂಗತಿ ವಾಶ್‌ಡೌನಿಗೂ ಸಂಬಂಧಪಟ್ಟದ್ದೇ, ಯಾಕೆಂದರೆ ಅದರ ನೀರು ಬರುವುದೂ ಸಮುದ್ರದಿಂದಲೇ.

ಹಲಸಿನ ಮೇಣ, ಎಣ್ಣೆ ಕೈ

ಅಂಟಿದ ಮೇಲೆ ತೊಳೆಯುವುದು ಕಷ್ಟ. ಹಾಗಾದರೆ ಅಂಟದಂತೆ ಮಾಡಬಹುದಾ? ಹಲಸಿನ ಹಣ್ಣು ಬಿಡಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೇಣ ಕೈಗೆ ಹತ್ತಿದ ಮೇಲೆ ಎಷ್ಟು ಸೋಪು ಹಾಕಿ ತಿಕ್ಕಿದರೂ ಚರ್ಮ ಕೆಂಪಾಗುತ್ತದೆಯೇ ಹೊರತು ಮೇಣ ಬಿಡುವುದಿಲ್ಲ. ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೆ ಮೇಣಕ್ಕೆ ಹಿಡಿತವೇ ಸಿಗುವುದಿಲ್ಲ. ವಾಶ್‌ಡೌನಿನಲ್ಲಿ ಎಣ್ಣೆಯ ಜಾಗದಲ್ಲಿ ಸಮುದ್ರದ ನೀರು, ಅಷ್ಟೇ.

ಒಣ ಡೆಕ್ಕಿನ ಮೇಲೆ ಬಿದ್ದ ಕಣ ಬಣ್ಣದ ಬಿರುಕಿನಲ್ಲಿ, ಬೋಲ್ಟಿನ ಸಂದಿಯಲ್ಲಿ, ಬೆಸುಗೆಯ ಅಂಚಿನಲ್ಲಿ ಹೋಗಿ ಕೂರುತ್ತದೆ. ಹರಿಯುವ ನೀರಿನ ಪದರ ಇದ್ದರೆ ಕಣ ನೀರಿನ ಮೇಲೆ ಬೀಳುತ್ತದೆ, ಕೂರುವ ಮುಂಚೆಯೇ ಹರಿದು ಸಮುದ್ರ ಸೇರುತ್ತದೆ. ಉಪ್ಪುನೀರಿನ ಹನಿಯಾಗಿ ಬರುವ ಫಾಲ್‌ಔಟ್ ಇನ್ನೂ ಉಪದ್ರವದ್ದು. ಅದರಲ್ಲಿ ಕರಗಿರುವ ವಿಕಿರಣಶೀಲ ಅಂಶ ತುಕ್ಕಿನ ಜೊತೆ, ಬಣ್ಣದ ಜೊತೆ ರಾಸಾಯನಿಕವಾಗಿಯೇ ಕೂಡಿಕೊಳ್ಳಬಲ್ಲದು. ನೀರಿನ ಪದರ ಇದ್ದಾಗ ಹನಿ ತಕ್ಷಣ ತೆಳುವಾಗುತ್ತದೆ, ಮೇಲ್ಮೈಯನ್ನು ಮುಟ್ಟುವ ಪ್ರಮಾಣ ಕಡಿಮೆಯಾಗುತ್ತದೆ.

‘ಹರಿಯುವ’ ಅನ್ನುವುದು ಇಲ್ಲಿ ಮುಖ್ಯ. ಸುಮ್ನೆ ಒಂದು ಸಲ ನೀರು ಚಿಮುಕಿಸಿ ಬಿಟ್ಟರೆ ಅದು ಬಿಸಿಲಿಗೆ ಆರಿ, ಬಂದ ಕೊಳೆಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಫಾಲ್‌ಔಟ್ ಬೀಳುವ ಮುಂಚೆ ನೀರು ಬಿಡಬೇಕು, ಅದು ಬೀಳುವಷ್ಟು ಹೊತ್ತೂ ಬಿಡಬೇಕು, ನಿಂತ ಮೇಲೂ ಸ್ವಲ್ಪ ಹೊತ್ತು ಬಿಡಬೇಕು.

ಪೈಪು, ಪಂಪು, ನಾಝಲ್

ನೀರು ಬರುವುದು ಹಡಗಿನ ಫೈರ್‌ಮೇನಿನಿಂದ, ಅಂದರೆ ಬೆಂಕಿ ಆರಿಸಲು ಇರುವ ದೊಡ್ಡ ಪೈಪಿನ ಜಾಲದಿಂದ. ಪಂಪುಗಳು ಸಮುದ್ರದ ನೀರನ್ನು ಒತ್ತಡದಲ್ಲಿ ಅದಕ್ಕೆ ತಳ್ಳುತ್ತವೆ. ಅದರಿಂದ ಕವಲೊಡೆದ ಸಣ್ಣ ಪೈಪುಗಳು ಡೆಕ್ಕಿನ ಅಂಚಿಗೆ, ಬ್ರಿಡ್ಜಿನ (ಹಡಗು ನಡೆಸುವ ಕೋಣೆಯ) ಮೇಲಕ್ಕೆ, ಚಿಮಣಿಯ ಸುತ್ತ, ಕಂಬದ ತನಕ ಹೋಗುತ್ತವೆ. ಪ್ರತಿ ಕವಲಿನ ತುದಿಯಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ನಾಝಲ್. ನೌಕಾಪಡೆಯವರು ಜನರಿಗೆ ಹಡಗು ತೋರಿಸುವ ದಿನ ಹೋದರೆ ಎಲ್ಲರ ಕಣ್ಣು ತೋಪು, ಕ್ಷಿಪಣಿಗಳ ಮೇಲೆ. ಬೂದು ಬಣ್ಣ ಬಳಿದ ಈ ನಾಝಲ್‌ಗಳನ್ನು ಯಾರೂ ನೋಡುವುದಿಲ್ಲ, ಹೆಚ್ಚೆಂದರೆ ಎಡವುತ್ತಾರೆ.

ಎಷ್ಟು ನೀರು ಬೇಕು? ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ದಪ್ಪದ ನೀರು ಅಂದರೆ 1 ಲೀಟರ್. ಉದಾಹರಣೆಗೆ 2000 ಚದರ ಮೀಟರ್ ಜಾಗ ಅಂತ ಇಟ್ಟುಕೊಳ್ಳಿ. ಅಲ್ಲಿಗೆ 2000 ಲೀಟರ್, ತೂಕದಲ್ಲಿ 2 ಟನ್. ಅದು ಹರಿದುಹೋಗುತ್ತಲೇ ಇರುವುದರಿಂದ ಅಷ್ಟನ್ನು ಮತ್ತೆ ಮತ್ತೆ ತುಂಬಬೇಕು. ಸಿಹಿನೀರು ಅಷ್ಟು ಎಲ್ಲಿಂದ ತರುವುದು? ಹಾಗಾಗಿ ಉಪ್ಪುನೀರೇ ಗತಿ. ಬಂದ ನೀರು ಅಷ್ಟೇ ಬೇಗ ಹೊರಗೂ ಹೋಗಬೇಕು. ಡೆಕ್ಕಿನ ಅಂಚಿನ ಸ್ಕಪ್ಪರ್, ಅಂದರೆ ನೀರು ಹೋಗುವ ಕಿಂಡಿ, ಕಟ್ಟಿಕೊಂಡರೆ ಅಲ್ಲೇ ಕೊಳೆನೀರಿನ ಹೊಂಡ. ಎತ್ತರದ ಡೆಕ್ಕುಗಳಲ್ಲಿ ನೀರು ನಿಂತರೆ ಹಡಗಿನ ಸಮತೋಲಕ್ಕೂ ಒಳ್ಳೆಯದಲ್ಲ.

ಈ ವ್ಯವಸ್ಥೆಯ ವಾಲ್ವುಗಳನ್ನು ಒಳಗಿನಿಂದಲೇ ತೆರೆಯುವಂತಿರಬೇಕು. ಫಾಲ್‌ಔಟ್ ಬೀಳುವಾಗ ಡೆಕ್ಕಿಗೆ ಹೋಗಿ ಚಕ್ರ ತಿರುಗಿಸು ಅಂತ ಯಾರನ್ನು ಕಳಿಸುತ್ತೀರಿ?

ಒಂದು ಒದ್ದೆ ಹಡಗು, ಒಂದು ಒಣ ಹಡಗು

ಉಪಾಯ ಹೊಳೆಯುವುದು ಸುಲಭ, ಅದು ಎಷ್ಟು ಕೆಲಸ ಮಾಡುತ್ತದೆ ಅಂತ ಅಳೆಯುವುದು ಕಷ್ಟ. ಬಿಕಿನಿಯ ಅನುಭವದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ಹಡಗುಕಟ್ಟೆಯಲ್ಲಿ ಅಮೆರಿಕದ ನೌಕಾಪಡೆ ವಿಕಿರಣ ರಕ್ಷಣೆಗಾಗಿಯೇ ಒಂದು ಪ್ರಯೋಗಾಲಯ ಕಟ್ಟಿತು. ಅದು 1969ರ ತನಕ ನಡೆಯಿತು. ವಾಶ್‌ಡೌನನ್ನು ಲೆಕ್ಕಕ್ಕೆ ತಂದವರು ಅಲ್ಲಿಯವರು.

1954ರ ‘ಆಪರೇಶನ್ ಕ್ಯಾಸಲ್’ ಪರೀಕ್ಷೆಗಳಿಗೆ ಅವರು ಎರಡು ಹಳೆಯ ಲಿಬರ್ಟಿ ಸರಕು ಹಡಗುಗಳನ್ನು ತಯಾರು ಮಾಡಿದರು. ಒಂದರ ಹೆಸರು ಜಾರ್ಜ್ ಈಸ್ಟ್‌ಮನ್, ಇನ್ನೊಂದು ಗ್ರ್ಯಾನ್‌ವಿಲ್ ಎಸ್. ಹಾಲ್. ಎರಡೂ ಒಂದೇ ಅಚ್ಚಿನವು. ಈಸ್ಟ್‌ಮನ್ ಮೇಲೆ ವಾಶ್‌ಡೌನ್ ನೀರು ಹರಿಯುತ್ತಿತ್ತು, ಹಾಲ್ ಒಣಗಿತ್ತು. ಜನರಿಲ್ಲದೆ, ರಿಮೋಟಿನಿಂದ ನಡೆಸುತ್ತಾ, ಎರಡನ್ನೂ ಫಾಲ್‌ಔಟ್ ಬೀಳುವ ಜಾಗದೊಳಗೆ ನುಗ್ಗಿಸಿದರು. ಡೆಕ್ಕಿನಲ್ಲೂ ಒಳಗಿನ ಕೋಣೆಗಳಲ್ಲೂ ಅಳತೆಯ ಉಪಕರಣಗಳಿದ್ದವು. ಆಮೇಲೆ ಒಂದೇ ಜಾಗದ ಲೆಕ್ಕವನ್ನು ಎರಡೂ ಹಡಗಿನಲ್ಲಿ ಹೋಲಿಸಿ ನೋಡುವುದು. ಬೇರೆ ಬೇರೆ ಕಟ್ಟಡ ಸಾಮಗ್ರಿಯ ಹಲಗೆಗಳನ್ನೂ ಅದೇ ಹಡಗುಗಳ ಮೇಲೆ ಹೊತ್ತುಕೊಂಡು ಹೋಗಿದ್ದರು. ಯಾವುದಕ್ಕೆ ಎಷ್ಟು ಅಂಟುತ್ತದೆ, ಯಾವುದರಿಂದ ಎಷ್ಟು ಬಿಡುತ್ತದೆ ಅಂತ ನೋಡಲು.

ಈ ಪ್ರಯೋಗದ ವಿನ್ಯಾಸ ನನಗೆ ಬಹಳ ಹಿಡಿಸಿದ್ದು. ಒಂದೇ ಹಡಗಿಗೆ ನೀರು ಹಾಕಿ ‘ನೋಡಿ, ಕೊಳೆ ಕಡಿಮೆ’ ಅಂದಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಅವತ್ತು ಫಾಲ್‌ಔಟೇ ಕಡಿಮೆ ಬಿದ್ದಿರಬಹುದು, ಅಲ್ವಾ? ಪಕ್ಕದಲ್ಲಿ ಒಂದು ಒಣ ಹಡಗು ಇದ್ದದ್ದರಿಂದಲೇ ಹೋಲಿಕೆ ಸಾಧ್ಯವಾಯಿತು. ಒದ್ದೆ ಹಡಗಿನಲ್ಲಿ ಡೆಕ್ಕಿನ ಕೊಳೆಯ ಬಹುಪಾಲು ಕೂರುವ ಮುಂಚೆಯೇ ಕೊಚ್ಚಿಹೋಗಿತ್ತು.

ಅದೇ ಸರಣಿಯಲ್ಲಿ, ಯಾರೂ ಯೋಜಿಸದ ಒಂದು ಪರೀಕ್ಷೆಯೂ ನಡೆದುಹೋಯಿತು. 1954ರ ಮಾರ್ಚ್ 1ರ ‘ಬ್ರಾವೊ’ ಬಾಂಬು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ, 15 ಮೆಗಾಟನ್ ಶಕ್ತಿಯಲ್ಲಿ ಸಿಡಿಯಿತು. ಹವಳದ ದಿಬ್ಬವೇ ಪುಡಿಯಾಗಿ ಮೇಲೇರಿ ಬಿಳಿ ಬೂದಿಯಾಗಿ ಉದುರಿತು. ಸುಮಾರು 50 ಕಿಲೋಮೀಟರ್ ದೂರದಲ್ಲಿದ್ದ ನೌಕಾಪಡೆಯ ಹಡಗುಗಳ ಮೇಲೂ ಬಿತ್ತು. ಎಲ್ಲರೂ ಒಳಗೆ ಹೋಗಿ ಬಾಗಿಲು ಮುಚ್ಚಿ ಅಂತ ಆದೇಶವಾಯಿತು, ವಾಶ್‌ಡೌನ್ ಚಾಲೂ ಆಯಿತು, ಹಡಗುಗಳು ದಕ್ಷಿಣಕ್ಕೆ ಓಡಿದವು. ‘ಬೈರೋಕೊ’ ಅನ್ನುವ ವಿಮಾನವಾಹಕ ನೌಕೆಯಲ್ಲಿ ಹಾಗಿದ್ದರೂ ಕೆಲವು ನಾವಿಕರ ಚರ್ಮದ ಮೇಲೆ ಬೀಟಾ ಸುಟ್ಟಗಾಯಗಳಾದವು.

ಸುಮಾರು 130 ಕಿಲೋಮೀಟರ್ ದೂರದಲ್ಲಿ ಜಪಾನಿನ ಒಂದು ಮೀನುಗಾರಿಕಾ ದೋಣಿ ಇತ್ತು, ‘ದಾಯ್ಗೊ ಫುಕುರ್ಯು ಮಾರು’. ಅದರಲ್ಲಿ 23 ಮಂದಿ. ಅವರಿಗೆ ಎಚ್ಚರಿಕೆಯೂ ಇಲ್ಲ, ವಾಶ್‌ಡೌನೂ ಇಲ್ಲ, ಮುಚ್ಚಿಕೊಳ್ಳಲು ಉಕ್ಕಿನ ಬಾಗಿಲೂ ಇಲ್ಲ. ಬಿಳಿ ಬೂದಿ ಗಂಟೆಗಟ್ಟಲೆ ಬೀಳುತ್ತಿದ್ದರೆ ಅವರು ಗಾಳದ ಹಗ್ಗ ಎಳೆಯುತ್ತಿದ್ದರು. ಮಾರ್ಚ್ 14ಕ್ಕೆ ಯಾಯ್ಜು ಬಂದರು ಸೇರುವ ಹೊತ್ತಿಗೆ ಎಲ್ಲರೂ ಕಾಯಿಲೆ ಬಿದ್ದಿದ್ದರು. ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಬ್ರಿಟಿಷರು 1956ರಲ್ಲಿ ಆಸ್ಟ್ರೇಲಿಯಾದ ಮೊಂಟೆ ಬೆಲ್ಲೊ ದ್ವೀಪಗಳ ಬಳಿ ‘ಎಚ್‌ಎಂಎಸ್ ಡಯಾನಾ’ ಅನ್ನುವ ವಿಧ್ವಂಸಕ ನೌಕೆಯನ್ನು ಎರಡು ಸ್ಫೋಟಗಳ ಫಾಲ್‌ಔಟಿನೊಳಗೆ ಕಳಿಸಿದರು. ಒಂದು ಮೇ 16ರಂದು, ಇನ್ನೊಂದು ಜೂನ್ 19ರಂದು. ಅಮೆರಿಕದ ಆ ಎರಡು ಹಡಗುಗಳಂತೆ ಇದು ಖಾಲಿ ಇರಲಿಲ್ಲ. ನಾವಿಕರು ಒಳಗಿದ್ದರು.

ಬಾಂಬಿಲ್ಲದೆ ಪರೀಕ್ಷೆ ಹೇಗೆ?

ಈಗ ಪರೀಕ್ಷೆಗಾಗಿ ಯಾರೂ ಬಾಂಬು ಸಿಡಿಸುವುದಿಲ್ಲ. ಹಾಗಾದರೆ ಹೊಸ ಹಡಗಿನ ವಾಶ್‌ಡೌನ್ ಸರಿಯಿದೆ ಅಂತ ತಿಳಿಯುವುದು ಹೇಗೆ?

ಪ್ರಶ್ನೆಯನ್ನು ಎರಡು ತುಂಡು ಮಾಡಿದರೆ ಉತ್ತರ ಸುಲಭ. ಮೊದಲನೆಯದು, ನೀರು ಹರಿಯುವ ಮೇಲ್ಮೈಯಿಂದ ಕಣ ಎಷ್ಟು ಹೋಗುತ್ತದೆ? ಇದನ್ನು ನೆಲದ ಮೇಲೇ ನೋಡಬಹುದು. ಹಂಟರ್ಸ್ ಪಾಯಿಂಟಿನ ವಿಜ್ಞಾನಿಗಳು ಲ್ಯಾಂಥನಮ್-140 ಅನ್ನುವ ವಿಕಿರಣಶೀಲ ವಸ್ತುವನ್ನು ಮರಳಿಗೆ ಲೇಪಿಸಿ ನಕಲಿ ಫಾಲ್‌ಔಟ್ ಮಾಡಿದ್ದರು. ಅದನ್ನು ರಸ್ತೆ, ಚಾವಣಿಗಳ ಮೇಲೆ ಹರಡಿ, ತೊಳೆದು, ಉಳಿದದ್ದನ್ನು ಅಳೆದರು. ಇದನ್ನೇ ಯಾಕೆ ಆರಿಸಿದರು ಅಂದರೆ ಅದರ ಅರ್ಧಾಯುಷ್ಯ ಸುಮಾರು 40 ಗಂಟೆ. ಎರಡು ದಿನ ತುಂಬುವ ಮುಂಚೆಯೇ ಅರ್ಧ, ಎರಡು ವಾರದಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ವಿಕಿರಣವೇ ಇಲ್ಲದ ಪುಡಿ, ಬಣ್ಣಗಳಿಂದಲೂ ಇಂಥ ಪ್ರಯೋಗ ಮಾಡಬಹುದು.

ಎರಡನೆಯದು, ಹಡಗಿನ ಮೂಲೆಮೂಲೆಗೂ ನೀರು ತಲುಪುತ್ತದಾ? ಇದಕ್ಕೆ ವಿಕಿರಣ ಬೇಡ, ಕಣ್ಣು ಸಾಕು. ಹಡಗನ್ನು ಸಮುದ್ರಕ್ಕೆ ಒಯ್ದು, ಎಲ್ಲ ನಾಝಲ್ ತೆರೆದು, ಒಣ ಉಳಿದ ಜಾಗ ಹುಡುಕುವುದು. ಕೇಳಲು ಸುಲಭ ಅನ್ನಿಸುತ್ತದೆ. ಬಂದರಿನಲ್ಲಿ ಕಟ್ಟಿಹಾಕಿದಾಗ ಚೆನ್ನಾಗಿ ನೆನೆಯುವ ಹಡಗು ವೇಗವಾಗಿ ಓಡುವಾಗ ನೆನೆಯದೇ ಇರಬಹುದು. ಎದುರುಗಾಳಿ ಮುಂಭಾಗದ ತುಂತುರನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ, ಮೂಗು ಒಣಗಿಯೇ ಉಳಿಯುತ್ತದೆ. ಅಡ್ಡಗಾಳಿಗೆ ಒಂದು ಮಗ್ಗುಲು ನೆನೆದು ಇನ್ನೊಂದು ಬಾಕಿ. ತೋಪಿನ ಹಿಂದೆ, ದೋಣಿ ತೂಗುಹಾಕುವ ಕಡೆ, ಮೇಲಿನ ಡೆಕ್ಕು ಚಾಚಿಕೊಂಡ ಕಡೆ ನೀರಿನ ನೆರಳು. ಚಿಮಣಿಯ ಬಿಸಿಗೆ ನೀರು ನಿಲ್ಲುವುದೇ ಇಲ್ಲ. ಆದ್ದರಿಂದ ಬೇರೆ ಬೇರೆ ವೇಗ, ಬೇರೆ ಬೇರೆ ದಿಕ್ಕಿನ ಗಾಳಿಯಲ್ಲಿ ನೋಡಬೇಕು. ಅದರ ಜೊತೆಗೆ ಕೊನೆಯ ನಾಝಲ್‌ನಲ್ಲಿ ಒತ್ತಡ ಎಷ್ಟಿದೆ, ವಾಶ್‌ಡೌನ್ ಓಡುತ್ತಿರುವಾಗಲೇ ಬೆಂಕಿ ಬಿದ್ದರೆ ಹೋಸಿಗೆ ನೀರು ಸಾಲುತ್ತದಾ ಅಂತಲೂ ನೋಡಬೇಕು, ಯಾಕೆಂದರೆ ಎರಡಕ್ಕೂ ಪೈಪು ಒಂದೇ.

ಹಳೆಯ ಹಡಗುಗಳಲ್ಲಿ ತೊಂದರೆಗಳು ಇನ್ನೂ ಸಣ್ಣವು, ಇನ್ನೂ ಕಿರಿಕಿರಿಯವು. ಉಪ್ಪು ಕಟ್ಟಿ ಮುಚ್ಚಿದ ನಾಝಲ್. ಪೈಪಿನೊಳಗೆ ಬೆಳೆದ ಚಿಪ್ಪುಜೀವಿ. ಹೊಸದಾಗಿ ಬಣ್ಣ ಬಳಿಯುವಾಗ ನಾಝಲ್‌ನ ತೂತಿಗೂ ಬಣ್ಣ. ವಾಲ್ವು ತುಕ್ಕು ಹಿಡಿದು ತಿರುಗುವುದೇ ಇಲ್ಲ. ಇವೆಲ್ಲ ಕಾಗದದ ಮೇಲಿನ ತಪಾಸಣೆಯಲ್ಲಿ ಕಾಣುವುದಿಲ್ಲ, ನೀರು ಬಿಟ್ಟಾಗಲೇ ಕಾಣುವುದು. ಹಾಗಂತ ದಿನಾ ನೀರು ಬಿಡುವಂತಿಲ್ಲ, ಉಪ್ಪುನೀರು ರೇಡಾರಿಗೂ ಆಂಟೆನಾಗಳಿಗೂ ಶತ್ರು. ಪರೀಕ್ಷೆ ಮುಗಿದ ಮೇಲೆ ಸಿಹಿನೀರಿನಲ್ಲಿ ಮತ್ತೊಮ್ಮೆ ತೊಳೆಯುವ ಕೆಲಸ ನಾವಿಕರ ಪಾಲಿಗೆ.

ನೀರಿನಿಂದ ಆಗದ್ದು

ಮೋಡದಿಂದ, ಸುತ್ತಲಿನ ಸಮುದ್ರದಿಂದ ನೇರವಾಗಿ ಬರುವ ಗಾಮಾ ಕಿರಣವನ್ನು ಈ ತೆಳು ನೀರಿನ ಪದರ ತಡೆಯುವುದಿಲ್ಲ. ಅದಕ್ಕೆ ದಪ್ಪ ವಸ್ತು ಬೇಕು. ಫಾಲ್‌ಔಟಿನ ಗಾಮಾವನ್ನು ಅರ್ಧಕ್ಕೆ ಇಳಿಸಲು ಸುಮಾರು 18 ಮಿಲಿಮೀಟರ್ ಉಕ್ಕು ಬೇಕು. ಅದಕ್ಕೇ ಆ ಹೊತ್ತಿನಲ್ಲಿ ಜನ ಹಡಗಿನ ಒಳಹೊಟ್ಟೆಗೆ ಹೋಗುತ್ತಾರೆ.

ಉಸಿರಾಡುವ ಗಾಳಿಗೆ ಬೇರೆಯದೇ ಏರ್ಪಾಡು, ಸಿಟಡೆಲ್. ಹಡಗಿನ ಒಳಭಾಗವನ್ನು ಗಾಳಿಯಾಡದಂತೆ ಮುಚ್ಚಿ, ಶೋಧಿಸಿದ ಗಾಳಿಯನ್ನು ಒಳಗೆ ತಳ್ಳಿ, ಒಳಗಿನ ಒತ್ತಡವನ್ನು ಹೊರಗಿಗಿಂತ ತುಸು ಜಾಸ್ತಿ ಇಡುತ್ತಾರೆ. ಎಲ್ಲಾದರೂ ಸಣ್ಣ ಬಿರುಕಿದ್ದರೂ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಹೊರಗೆ ಹೋಗಿ ಬಂದವರು ನೇರ ಒಳಗೆ ಕಾಲಿಡುವಂತಿಲ್ಲ. ಶುದ್ಧೀಕರಣದ ಕೋಣೆಯಲ್ಲಿ ಹೊರಬಟ್ಟೆ ಬಿಚ್ಚಿ, ಸ್ನಾನ ಮಾಡಿ, ಮೀಟರಿನಲ್ಲಿ ನೋಡಿಸಿಕೊಂಡೇ ಬರಬೇಕು.

ಇನ್ನೊಂದು ಪ್ರಶ್ನೆ ಬಂದರಿನ ಊರಿನವರಿಗೆ ಹೊಳೆಯಲೇಬೇಕು. ತೊಳೆದ ನೀರು ಎಲ್ಲಿಗೆ ಹೋಯಿತು? ವಿಕಿರಣ ನಾಶವಾಗಲಿಲ್ಲ, ಜಾಗ ಬದಲಿಸಿತು. ತೆರೆದ ಸಮುದ್ರದಲ್ಲಿ ಅದು ಅಪಾರ ನೀರಿನಲ್ಲಿ ತೆಳುವಾಗುತ್ತದೆ, ಹಡಗು ಅಲ್ಲಿಂದ ಮುಂದೆ ಹೋಗುತ್ತದೆ. ಮುಚ್ಚಿದ ಕೊಲ್ಲಿಯಲ್ಲಿ ಹಾಗಲ್ಲ. ಬಿಕಿನಿಯಲ್ಲಿ ನೆರವಿನ ಹಡಗುಗಳು ಸಿಕ್ಕಿಬಿದ್ದದ್ದು ಅದು ಹವಳದ ದಿಬ್ಬಗಳ ನಡುವಿನ ಮುಚ್ಚಿದ ನೀರಾಗಿದ್ದಕ್ಕೇ. ಅಂದರೆ ವಾಶ್‌ಡೌನ್ ಕಡಲಲ್ಲಿ ಓಡುತ್ತಿರುವ ಹಡಗಿಗೆ ಹೇಳಿಮಾಡಿಸಿದ್ದು, ಬಂದರಿನಲ್ಲಿ ಕಟ್ಟಿಹಾಕಿದ ಹಡಗಿಗೆ ಅಷ್ಟಾಗಿ ಒಗ್ಗದ್ದು.

ಮುಂಬೈ, ಲೋನಾವಳ, ವಾಸ್ಕೋ

ನಮ್ಮ ಕರಾವಳಿಗೂ ಈ ವಿಷಯ ದೂರದ್ದಲ್ಲ. ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ‘ಐಎನ್‌ಎಸ್ ಮುರ್ಮುಗೋವಾ’ 2022ರ ಡಿಸೆಂಬರ್ 18ರಂದು ಮುಂಬೈಯಲ್ಲೇ ನೌಕಾಪಡೆಗೆ ಸೇರಿತು. ಹೆಸರು ಮಾತ್ರ ಗೋವಾದ ಬಂದರಿನದು. 163 ಮೀಟರ್ ಉದ್ದ, 17 ಮೀಟರ್ ಅಗಲ, ತೂಕ 7400 ಟನ್. ಅಣು, ಜೈವಿಕ, ರಾಸಾಯನಿಕ ದಾಳಿಯ ಸ್ಥಿತಿಯಲ್ಲೂ ಹೋರಾಡುವಂತೆ ಇದನ್ನು ಸಜ್ಜುಗೊಳಿಸಲಾಗಿದೆ ಅಂತ ಸರ್ಕಾರವೇ ಆಗ ಹೇಳಿತ್ತು.

ಯಂತ್ರ ಇದ್ದರೆ ಸಾಲದು, ನಡೆಸುವವರಿಗೆ ಅಭ್ಯಾಸ ಬೇಕು. ಪುಣೆ ಜಿಲ್ಲೆಯ ಲೋನಾವಳದಲ್ಲಿ ನೌಕಾಪಡೆಯ ಎಂಜಿನಿಯರಿಂಗ್ ತರಬೇತಿ ಕೇಂದ್ರ ‘ಐಎನ್‌ಎಸ್ ಶಿವಾಜಿ’ ಇದೆ. ಅಲ್ಲಿ 2019ರ ಏಪ್ರಿಲ್‌ನಲ್ಲಿ ‘ಅಭೇದ್ಯ’ ಅನ್ನುವ ಕೇಂದ್ರ ಶುರುವಾಯಿತು. ಅಣು, ಜೈವಿಕ, ರಾಸಾಯನಿಕ ದಾಳಿಯಾದಾಗ ಏನು ಮಾಡಬೇಕು ಅಂತ ಕಲಿಸುವ ಜಾಗ ಅದು. ಅಲ್ಲಿಯ ತನಕ ಈ ಪಾಠ ಬಹುಪಾಲು ಪುಸ್ತಕದಲ್ಲೇ ಇತ್ತು. ಅದನ್ನು ಕಟ್ಟಿದ್ದು ವಾಸ್ಕೋದ ಗೋವಾ ಶಿಪ್‌ಯಾರ್ಡ್. ಘಟ್ಟದ ಮೇಲೆ, ಸಮುದ್ರವೇ ಕಾಣದ ಊರಿನಲ್ಲಿ ಹಡಗಿನ ಪಾಠ ಅಂದರೆ ವಿಚಿತ್ರ ಅನ್ನಿಸಬಹುದು. ಆದರೆ ಬಾಗಿಲು ಮುಚ್ಚುವ, ಸೂಟು ಹಾಕುವ, ಕೊಳೆಯಾದವನನ್ನು ಒಳಗೆ ತರುವ ಕ್ರಮ ಕಲಿಯಲು ಅಲೆ ಬೇಕಾಗಿಲ್ಲ.

ಮನೆಯಲ್ಲಿರುವವರಿಗೆ ಇದರಲ್ಲಿ ಏನಿದೆ?

ನಮ್ಮ ಫ್ಲ್ಯಾಟಿನ ಮೇಲೆ ನಾಝಲ್ ಇರುವುದಿಲ್ಲ. ಅದರ ಕೆಲಸವನ್ನು ಗೋಡೆ, ಮುಚ್ಚಿದ ಕಿಟಕಿ ಮಾಡುತ್ತವೆ. ಮುಂಚೆ ಹೇಳಿದ ಏಳು-ಹತ್ತರ ಲೆಕ್ಕದಿಂದಾಗಿಯೇ ಮೊದಲ 24 ಗಂಟೆ ಕಟ್ಟಡದ ನಡುಭಾಗದಲ್ಲೋ ನೆಲಮಾಳಿಗೆಯಲ್ಲೋ ಇರಿ ಅಂತ ಸಲಹೆ ಕೊಡುವುದು. ಹೊರಗಿದ್ದು ಬಂದವರು ಬಾಗಿಲಲ್ಲೇ ಹೊರಬಟ್ಟೆ ಬಿಚ್ಚಿ ಚೀಲದಲ್ಲಿ ಕಟ್ಟಿ ದೂರ ಇಡಬೇಕು. ಮೈಮೇಲಿನ ಕೊಳೆಯಲ್ಲಿ ಶೇಕಡ 90ರ ತನಕ ಅದರಲ್ಲೇ ಹೋಗಬಹುದು. ಆಮೇಲೆ ಸೋಪು, ನೀರು. ಚರ್ಮ ಕೆರೆಯುವಂತೆ ತಿಕ್ಕಬಾರದು, ಗಾಯವಾದರೆ ಕೊಳೆ ಒಳಗೆ ಹೋಗುತ್ತದೆ. ತಲೆಗೆ ಶಾಂಪೂ ಹಾಕಬಹುದು, ಕಂಡೀಷನರ್ ಮಾತ್ರ ಬೇಡ. ಅದು ವಿಕಿರಣಶೀಲ ಕಣಗಳನ್ನು ಕೂದಲಿಗೇ ಅಂಟಿಸಿಬಿಡುತ್ತದೆ.